ಸೀಮೆಸುಣ್ಣದಮ್ಮನ ಆಟ

ಆಕೆ ಕಲ್ಲೆದೆಯ ಹೆಂಗಸು. ಇದನ್ನೇ ನಯವಾಗಿ ಹೇಳಲು ಬೇರೆ ಮಾತುಗಳಿರಬಹುದು. ಕಾಗದದ ಗಿರಣಿಯಲ್ಲಿ ಯಾರೂ ಅವನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. ಹುಡುಗಿಯಾಗಿದ್ದಾಗ ಕೆಲಸಕ್ಕೆ ಸೇರಿ, ತಲೆ ನರೆಯುವವರೆಗೂ ಅದೇ ಗೇಟಿನಲ್ಲಿ ಹೋಗಿ ಬಂದವಳು. ಅಷ್ಟು ಕಾಲದಲ್ಲಿ ಒಬ್ಬರ ಮನೆಯ ಮದುವೆಗೂ ಹೋಗಲಿಲ್ಲ, ಒಬ್ಬರ ಕೂಸನ್ನೂ ಎತ್ತಿಕೊಳ್ಳಲಿಲ್ಲ. ಯಾರಾದರೂ ಬೆರಳು ಜಜ್ಜಿಕೊಂಡು ರಕ್ತ ಸುರಿಸುತ್ತ ಬಂದರೆ ಬೇರೆಯವರು ಅಯ್ಯೋ ಎನ್ನುವಷ್ಟರಲ್ಲಿ ಆಕೆ "ಯಾವ ಯಂತ್ರ? ಎಡಗೈಯೋ ಬಲಗೈಯೋ?" ಎಂದು ಕೇಳಿ ಮುಗಿಸಿರುತ್ತಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ. ಬೂದು ಬಣ್ಣದ ಒಂದು ಉದ್ದ ಕೋಟು, ಅದರ ಜೇಬಿನಲ್ಲಿ ಯಾವಾಗಲೂ ಸೀಮೆಸುಣ್ಣದ ತುಂಡು. ಹೆಸರು ಕೇಳಿದರೆ ಅರ್ಧ ಗಿರಣಿಗೆ ಗೊತ್ತಿರಲಿಲ್ಲ. ಸೀಮೆಸುಣ್ಣದಮ್ಮ ಎಂದರೆ ಎಲ್ಲರಿಗೂ ಗೊತ್ತು.

ಪಂಪ್ ಆಪರೇಟರನ ಅಭಿಪ್ರಾಯವೂ ಇದೇ ಆಗಿತ್ತು. ಆದರೆ ಅದನ್ನು ಹೇಳುವಾಗ ಅವನು ದನಿ ತಗ್ಗಿಸುತ್ತಿದ್ದ. ಅವನನ್ನು ಗಿರಣಿಯ ರಕ್ಷಣಾ ತಂಡದ ಕ್ಯಾಪ್ಟನ್ ಮಾಡಿದವಳು ಆಕೆಯೇ. ಅದಕ್ಕೆ ಮೊದಲು ಅವನು ಮಾತು ನುಂಗುವ ಮನುಷ್ಯ. ಮೇಲಿನವರೆದುರು ನಿಂತರೆ ಕತ್ತು ತುರಿಸಿಕೊಳ್ಳುತ್ತಿದ್ದ. ಸ್ವಂತ ಮದುವೆಯ ಮಾತುಕತೆಯಲ್ಲೂ 'ಹೂಂ' ಎಂದದ್ದು ಬಿಟ್ಟು ಬೇರೇನೂ ಹೇಳಿರಲಿಲ್ಲ ಎಂದು ಹೆಂಡತಿ ಈಗಲೂ ಆಡಿಕೊಳ್ಳುತ್ತಿದ್ದಳು.

ಆಕೆಯ ಮೊದಲ ಕೆಲಸ ಗಿರಣಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಮೆಟ್ಟಿಲ ಕೆಳಗೆ ಕಿಟಕಿಯಿಲ್ಲದ ಕೋಣೆ, ಎದುರಿಗೆ ತೂತುಗಳ ಹಲಗೆ. ಆ ಕಾಲದಲ್ಲಿ ಒಂದು ದಿನ, ಕಾಗದದ ಹಿಟ್ಟನ್ನು ಬಿಳಿ ಮಾಡುವ ಬ್ಲೀಚಿಂಗ್ ವಿಭಾಗದಲ್ಲಿ ಕ್ಲೋರಿನ್ ಸಿಲಿಂಡರಿನ ಬಾಯಿ ಕಿತ್ತುಹೋಯಿತು. ಆ ಗಾಳಿ ಹೊಗೆಯ ಹಾಗೆ ಮೇಲೇಳುವುದಿಲ್ಲ. ನೀರಿನ ಹಾಗೆ ನೆಲ ಹಿಡಿದು ಹರಿಯುತ್ತದೆ, ತಗ್ಗು ಹುಡುಕುತ್ತದೆ. ಮೊದಲು ಬಿದ್ದವನನ್ನು ಎತ್ತಲು ಒಬ್ಬ ಬಗ್ಗಿದ, ಬಗ್ಗಿದವನು ಏಳಲಿಲ್ಲ. ಅವನನ್ನು ಎತ್ತಲು ಇನ್ನೊಬ್ಬ ಬಗ್ಗಿದ. ಹೀಗೆ ಅಲ್ಲಿದ್ದ ಒಳ್ಳೆಯವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಒಳಗಿನ ಎಲ್ಲ ಫೋನುಗಳೂ ಆಕೆಯ ಕಿವಿಗೇ ಬಂದು ಸೇರಿದವು. ಎಲ್ಲರೂ ಕೂಗುತ್ತಿದ್ದರು, ಯಾರಿಗೂ ಯಾರದೂ ಕೇಳುತ್ತಿರಲಿಲ್ಲ. "ಅಲ್ಲಿ ಮುಂದಾಳು ಯಾರು?" ಎಂದು ಆಕೆ ಕೇಳಿದ್ದಕ್ಕೆ ಒಟ್ಟಿಗೇ ಹಲವರು "ನಾನು" ಎಂದರಂತೆ. ಆಮೇಲೆ ತಂತಿಗಳು ಒಂದೊಂದಾಗಿ ಸುಮ್ಮನಾದವು. ಆ ದಿನ ಆಕೆ ಅತ್ತಿದ್ದನ್ನು ಕಂಡವರಿಲ್ಲ. ಪಾಳಿ ಮುಗಿಸಿ, ಹಲಗೆ ಒರೆಸಿ, ಕೊಡೆ ತೆಗೆದುಕೊಂಡು ಮನೆಗೆ ಹೋದಳು.

ಎಕ್ಸ್‌ಚೇಂಜ್ ಮುಚ್ಚಿದ ಮೇಲೆ ಆಕೆಯನ್ನು ಸುರಕ್ಷತಾ ವಿಭಾಗಕ್ಕೆ ತಳ್ಳಿದರು. ಗೋಡೆಗೆ ಎಚ್ಚರಿಕೆಯ ಚಿತ್ರ ಅಂಟಿಸುವುದಷ್ಟೇ ಅಲ್ಲಿನ ಕೆಲಸ. ಆಕೆ ಚಿತ್ರಗಳನ್ನು ಮೂಲೆಗೆ ಒಟ್ಟಿ, ಬ್ಲೀಚಿಂಗ್ ಪಕ್ಕದ ಖಾಲಿ ಗೋದಾಮಿನ ಬೀಗದಕೈ ಇಸಕೊಂಡಳು. ಗೋಣಿಚೀಲ, ಹಲಗೆ, ಹಳೆಯ ತಗಡುಗಳಿಂದ ಅದನ್ನು ಇಕ್ಕಟ್ಟಾದ ಓಣಿಗಳಾಗಿ ಸೀಳಿದಳು. ಆಟ ಹುಟ್ಟಿದ್ದು ಹಾಗೆ.

ಆಟವೆಂದರೆ ಇಷ್ಟೇ. ದೀಪ ಆರಿಸಿ, ಬಾಗಿಲಿನ ಮಂದ ಬೆಳಕಷ್ಟೇ ಉಳಿಸಿ, ಐದು ಜನರನ್ನು ಒಳಗೆ ಬಿಡುತ್ತಿದ್ದಳು. ಒಬ್ಬನಿಗೆ ದಾರಿ ಗೊತ್ತು, ಕಣ್ಣಿಗೆ ಬಟ್ಟೆ. ಇನ್ನೊಬ್ಬನಿಗೆ ಕಣ್ಣು ಕಾಣುತ್ತದೆ, ಬಾಯಿ ಬಿಡುವ ಹಾಗಿಲ್ಲ. ಯಾವ ವಾಲ್ವ್ ಮುಚ್ಚಬೇಕೆಂದು ತಿಳಿದವನ ಕೈ ಕಟ್ಟಿದೆ. ಎಲ್ಲರೂ ಸೇರಿ ವಾಲ್ವ್ ಹುಡುಕಿ ಮುಚ್ಚಿ ಹೊರಗೆ ಬರಬೇಕು. ಪ್ರತಿ ತಿರುವಿನಲ್ಲೂ ಮುಂದಾಳು "ಕೇಳಿಸ್ತಾ?" ಎಂದು ಕರೆಯಬೇಕು, ಉಸಿರಿರುವವರು, ಬಾಯಿ ಬಿಡಬಾರದವನೂ ಸೇರಿ, ಒಬ್ಬೊಬ್ಬರಾಗಿ "ಕೇಳಿಸ್ತು" ಎನ್ನಬೇಕು. ಎಕ್ಸ್‌ಚೇಂಜಿನ ಹಳೆಯ ಚಾಳಿ ಅದು. ಮೂಗಿಗೂ ಆಟ ಗೊತ್ತಾಗಲಿ ಎಂದು ಬಾಗಿಲ ಬಳಿ ಒಂದು ಬಕೆಟಿನಲ್ಲಿ ಬ್ಲೀಚಿಂಗ್ ಪುಡಿ ಕಲಸಿಡುತ್ತಿದ್ದಳು. ಆಕೆ ಅಟ್ಟದ ಮೇಲಿಂದ ನೋಡುತ್ತಿದ್ದು, ತನಗೆ ಬೇಕೆನಿಸಿದಾಗ ಚಪ್ಪಲಿ ಬಿಟ್ಟು ಕೆಳಗಿಳಿದು ಬಂದು, ಕತ್ತಲಲ್ಲಿ ಯಾರದಾದರೂ ಎದೆಯ ಮೇಲೆ ಸೀಮೆಸುಣ್ಣದಿಂದ ಇಂಟು ಗುರುತು ಎಳೆಯುತ್ತಿದ್ದಳು. ಗುರುತು ಬಿದ್ದವನು ಸತ್ತ. ಇದ್ದಲ್ಲೇ ಮಲಗಬೇಕು. ಸತ್ತವರು ಮಾತಾಡುವುದಿಲ್ಲ. ಬದುಕಿದವರು ಸತ್ತವರನ್ನು ಎತ್ತಲು ಬಗ್ಗುವುದಿಲ್ಲ, ದಾಟಿ ಹೋಗುತ್ತಾರೆ. ಕರೆಯುವಾಗ ಸತ್ತವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೆಚ್ಚಾಗಿ ಮುಂದಾಳನ್ನೇ ಮೊದಲು ಸಾಯಿಸುತ್ತಿದ್ದಳು, ಎರಡನೆಯವನು ಬಾಯಿ ಬಿಡುತ್ತಾನೋ ಇಲ್ಲವೋ ನೋಡಲು. ಆಟ ಮುಗಿದ ಮೇಲೆ ಬೋರಲು ಹಾಕಿದ ಡ್ರಮ್ಮಿನ ಮೇಲೆ ಕೂತು ಒಬ್ಬೊಬ್ಬರ ಚರ್ಮ ಸುಲಿಯುವಳು. "ನೀನು ಒಳಗಿದ್ದಷ್ಟು ಹೊತ್ತೂ ನಾನು ನಾನು ಅಂದೆ. ಒಂದು ಸಲವಾದ್ರೂ ಕೇಳಿಸ್ತಾ ಅಂದ್ಯಾ? ನೀನು ಮುಂದಾಳಲ್ಲ, ಧ್ವನಿವರ್ಧಕ." ಇನ್ನೊಬ್ಬನಿಗೆ: "ನಿನ್ನ ಗೆಳೆಯ ಬಿದ್ದ ಅಂತ ಬಗ್ಗಿದೆಯಲ್ಲ, ದೊಡ್ಡ ಮನಸ್ಸು ನಿಂದು. ಆ ಮನಸ್ಸಿಗೆ ಹಾರ ಹಾಕಿ ಫೋಟೋ ತಗಲಿಸ್ತಾರೆ."

ಮೊದಲ ವರ್ಷ ಒಬ್ಬ ವೆಲ್ಡರ್ ಒಂದು ಪ್ರಶ್ನೆ ಕೇಳಿದ್ದ. "ಅಮ್ಮಾ, ಆಟ ನಡೀತಿರುವಾಗ ನಿಜವಾಗ್ಲೂ ಏನಾದ್ರೂ ಆದ್ರೆ? ನಿಲ್ಲಿಸೋಕೆ ಒಂದು ಸನ್ನೆ ಬೇಡ್ವಾ?"

"ಅನಾಹುತಕ್ಕೆ ನಿಲ್ಲಿಸೋ ಸನ್ನೆ ಇರತ್ತೇನಪ್ಪ?" ಎಂದಳು ಆಕೆ. ಎಲ್ಲರೂ ನಕ್ಕರು. ವೆಲ್ಡರನೂ ನಕ್ಕ.

ಆಟದಿಂದ ಪ್ರಯೋಜನವಾಗಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಒಮ್ಮೆ ಕೊಳವೆಯ ಕೀಲು ಸೋರಿದಾಗ, ಕತ್ತು ತುರಿಸಿಕೊಳ್ಳುವ ಇದೇ ಪಂಪ್ ಆಪರೇಟರ್ ಹೊಗೆಮಂಜಿನೊಳಗಿಂದ ತನ್ನ ಪಾಳಿಯವರನ್ನೆಲ್ಲ ಕರೆದು ಕರೆದು ಹೊರಗೆ ತಂದಿದ್ದ. ಒಬ್ಬರಿಗೂ ಕೆಮ್ಮಿಗಿಂತ ಹೆಚ್ಚಿನದಾಗಲಿಲ್ಲ. ಮಾರನೆಯ ದಿನ ಆಕೆ ಅವನ ತೋಳಿಗೆ ಕೆಂಪು ಪಟ್ಟಿ ಕಟ್ಟಿ, "ಎರಡನೇ ತಿರುವಿನಲ್ಲಿ ಕರೆಯೋದು ಮರೆತೆ" ಎಂದಳು. ಅಷ್ಟೇ ಅವನಿಗೆ ಸಿಕ್ಕ ಶಹಬ್ಬಾಸ್.

ಕ್ಯಾಪ್ಟನ್ನನ ತಂಡದಲ್ಲಿ ಅದೇ ವೆಲ್ಡರ್, ಬಾಯ್ಲರಿನವನು, ಪ್ರಯೋಗಾಲಯದ ಹುಡುಗಿ ಮತ್ತು ರೇಡಿಯೋ. ರೇಡಿಯೋ ಕ್ರೇನ್ ನಡೆಸುತ್ತಿದ್ದ. ಕ್ಯಾಪ್ಟನ್ನನ ಹೆಂಡತಿಯ ತಮ್ಮ, ತಾಯಿಯೊಡನೆ ಅವರ ಮನೆಯಲ್ಲೇ ಇದ್ದ. ಆ ಹೆಸರು ಯಾಕೆ ಬಂತೆಂದು ಹೇಳಬೇಕಾಗಿಲ್ಲ. ಕ್ರೇನಿನ ತುದಿಯಲ್ಲಿ ಒಬ್ಬನೇ ಕೂತಾಗಲೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಸತ್ತಾಗಲೂ ನಿಲ್ಲುತ್ತಿರಲಿಲ್ಲ, ಅದೇ ತೊಂದರೆ. ಎದೆಯ ಮೇಲೆ ಗುರುತು ಬಿದ್ದು ಮಲಗಿದವನು, ಭಾವ ತನ್ನನ್ನು ದಾಟಿ ಹೋಗುವಾಗ "ಭಾವಾ, ನನ್ನ ಪಾಲಿನ ಚಹಾ ನೀನೇ ಕುಡಿ" ಎನ್ನುತ್ತಿದ್ದ. ಹುಡುಗಿ ಕಿಸಕ್ಕನೆ ನಗುವಳು, ಸಾಲು ಮುರಿಯುವುದು.

ಕೊನೆಗೆ ಒಂದು ದಿನ ಆಕೆ ಡ್ರಮ್ಮಿನ ಮೇಲಿಂದ ಹೇಳಿದಳು: "ಸತ್ತವರು ಮಾತಾಡಲ್ಲ. ಇನ್ನೊಂದು ಸಲ ಸತ್ತು ಬಾಯಿ ಬಿಟ್ಟೆಯೋ, ನೀನು ತಂಡದಲ್ಲಿಲ್ಲ. ಹೋಗು, ನಿನ್ನ ಕ್ರೇನಿಗೆ ಕತೆ ಹೇಳ್ಕೋ."

ರೇಡಿಯೋನ ಮುಖ ಇಳಿಯಿತು. ಅವನ ಬದುಕಿನಲ್ಲಿ ಯಾರಾದರೂ ಅವನನ್ನು ಆರಿಸಿಕೊಂಡಿದ್ದರೆ ಈ ತಂಡಕ್ಕೆ ಮಾತ್ರ. ಮನೆಗೆ ಬಂದು ಊಟಕ್ಕೆ ಕೂತಾಗ ಮತ್ತೆ ಗೆಲುವಾದ. "ಅಕ್ಕಾ, ನೋಡ್ತಿರು. ಈ ಸಲ ಎಂಥಾ ಹೆಣ ಆಗ್ತೀನಿ ಅಂದ್ರೆ, ನಿಜವಾದ ಹೆಣಗಳು ಬಂದು ನನ್ನ ಹತ್ರ ಪಾಠ ಹೇಳಿಸ್ಕೋಬೇಕು."

"ಬಿಡ್ತು ಅನ್ನೋ, ಊಟದ ಹೊತ್ತಲ್ಲಿ!" ಎಂದು ಅವನ ತಾಯಿ ಸೌಟು ಎತ್ತಿದಳು. ಅವನು ತಟ್ಟೆ ಅಡ್ಡ ಹಿಡಿದ. ಕ್ಯಾಪ್ಟನ್ ನಗುತ್ತಿದ್ದ.

ಮುಂದಿನ ವಾರದ ಆಟದಲ್ಲಿ ಆಕೆ ಮೊದಲು ರೇಡಿಯೋನ ಎದೆಗೇ ಗೀಟು ಎಳೆದಳು. ಅವನು ಹೊರಬಾಗಿಲಿನ ಹತ್ತಿರ, ನೆಲದ ಚರಂಡಿಯ ಪಕ್ಕದಲ್ಲಿ ಮಲಗಿದ. ಕ್ಯಾಪ್ಟನ್ ಕರೆದ, ಮೂವರು ಉತ್ತರ ಕೊಟ್ಟರು, ನೆಲದಿಂದ ಪಿಟ್ಟೆನ್ನುವ ಸದ್ದೂ ಬರಲಿಲ್ಲ. ಪರವಾಗಿಲ್ಲ, ಹುಡುಗ ಕಲಿತ ಎಂದುಕೊಂಡು ಕ್ಯಾಪ್ಟನ್ ಒಳಗಿನ ಓಣಿಗೆ ತಿರುಗಿದ. ಆಗ ಗಿರಣಿಯ ಸೈರನ್ ಕೂಗಿತು.

ಗೋಡೆಯಾಚೆ, ಬ್ಲೀಚಿಂಗಿನಲ್ಲಿ, ಸಿಲಿಂಡರ್ ಸೀಳಿತ್ತು. ಆ ಚರಂಡಿ ಗೋಡೆಯ ಕೆಳಗಿಂದ ಎರಡೂ ಕಟ್ಟಡಗಳನ್ನು ಕೂಡಿಸುತ್ತಿತ್ತೆಂದು ಕಟ್ಟಿದವರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅಟ್ಟದ ಮೇಲಿಂದ ಆಕೆ ಕೂಗಿದಳು: "ಇದು ನಿಜ! ಹೊರಗೆ, ಹೊರಗೆ!" ಕ್ಯಾಪ್ಟನ್ನನಿಗೆ ಅರ್ಧ ಕೇಳಿಸಿತು, ಅಷ್ಟು ಸಾಕಾಯಿತು. ಅವನು ಹೆದರಲಿಲ್ಲ. ಕಲಿತದ್ದನ್ನೆಲ್ಲ ಕಲಿತ ಹಾಗೇ ಮಾಡಿದ. ಹುಡುಗಿಯ ಕಣ್ಣಿನ ಬಟ್ಟೆ ಕಿತ್ತ, ವೆಲ್ಡರನ ಕೈ ಬಿಚ್ಚಿದ, ಸಾಲು ಕಟ್ಟಿಸಿದ, ಬಾಗಿಲಿಗೆ ನಡೆಸಿದ. ಬಾಗಿಲ ಬಳಿ ನೆಲದಲ್ಲಿ ಬಿಳಿ ಗುರುತು ಕಂಡಿತು. ಕಾಲು ತಾನಾಗಿ ಎದ್ದಿತು. ದಾಟಿದ. ಹಿಂದಿನವರೂ ದಾಟಿದರು.

ಹೊರಗೆ ಬಂದು ಬಾಗಿಲಿಗೆ ಬೆನ್ನು ಹಾಕಿ ನಿಂತು ಕರೆದ: "ಕೇಳಿಸ್ತಾ?"

"ಕೇಳಿಸ್ತು." "ಕೇಳಿಸ್ತು." "ಕೇಳಿಸ್ತು."

"ಎಲ್ರೂ ಬಂದ್ರು!" ಎಂದು ಅಂಗಳದವರಿಗೆ ಕೂಗಿ ಹೇಳಿದ.

ಆಕೆ ಹೊರಮೆಟ್ಟಿಲು ಇಳಿದು ಓಡಿ ಬಂದಳು. ಆಕೆ ಓಡಿದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. "ಐದನೆಯವನೆಲ್ಲಿ?"

"ಅವನು ಸತ್ತಿದ್ದಾನಲ್ಲಮ್ಮ" ಎಂದ ಕ್ಯಾಪ್ಟನ್.

ಹೇಳಿದ ಮೇಲೆ ಅವನಿಗೆ ತನ್ನ ಮಾತು ಕೇಳಿಸಿತು.

ಗ್ಯಾಸ್ ಮುಖವಾಡ ಹಾಕಿಕೊಂಡವರು ಹೋಗಿ ರೇಡಿಯೋನನ್ನು ಹೊತ್ತು ತಂದರು. ಅವನು ಬೆನ್ನಿನ ಮೇಲೆ ನೆಟ್ಟಗೆ ಮಲಗಿದ್ದನಂತೆ, ಕೈಗಳು ಪಕ್ಕಕ್ಕೆ, ಕಣ್ಣು ಮುಚ್ಚಿ. ತೆವಳಿದ ಗುರುತಿರಲಿಲ್ಲ. ಮೂಗಿಗೆ ಬಡಿದ ಮೊದಲ ಘಾಟನ್ನು ಅಮ್ಮನ ಬಕೆಟಿನದೆಂದು ತಿಳಿದಿರಬೇಕು. ಎರಡನೆಯ ಉಸಿರಿಗೆ ತಿಳಿಯಲು ಏನೂ ಉಳಿದಿರಲಿಲ್ಲ. ಅವನು ಹೇಳಿದ ಹಾಗೇ ಮಾಡಿದ್ದ.

ಮನೆಯಲ್ಲಿ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಹೆಂಡತಿ ಅಳುವುದನ್ನು ಮುಗಿಸಿ, ಮುಖ ತೊಳೆದು ಬಂದು, ಗಂಡನ ಎದುರು ಕೂತು ಒಂದೇ ಮಾತು ಕೇಳಿದಳು. "ದಾಟಿ ಬಂದ್ಯಾ?"

ಅವನು 'ಹೂಂ' ಎಂದ. ಅದಾದ ಮೇಲೆ ಮನೆಯಲ್ಲಿ ಮಾತಿಗೆ ಎಡೆಯಿರಲಿಲ್ಲ. ಅಡುಗೆಯಾಗುತ್ತಿತ್ತು, ತಟ್ಟೆ ಬರುತ್ತಿತ್ತು. ಅವನು ಹೊಸಿಲು ದಾಟುವಾಗಲೂ ಒಮ್ಮೆ ನಿಂತು ಕೆಳಗೆ ನೋಡುವುದನ್ನು ಹೆಂಡತಿ ಗಮನಿಸಿದಳು. ದಾಟಿದ್ದಕ್ಕಿಂತ ಹೆಚ್ಚಾಗಿ ಅವನನ್ನು ತಿನ್ನುತ್ತಿದ್ದದ್ದು ಬೇರೆ. ತಾನು ಹೊರಗೆ ನಿಂತು ಕರೆದಾಗ ಬಾಗಿಲು ತೆರೆದೇ ಇತ್ತು. ರೇಡಿಯೋಗೆ ಕೇಳಿಸಿತ್ತೇ? ಕೇಳಿಸಿಯೂ ಹಲ್ಲು ಕಚ್ಚಿ ಸುಮ್ಮನೆ ಮಲಗಿದ್ದನೇ? ವೈದ್ಯರು ಹೇಳಲಾರರು. ಯಾರೂ ಹೇಳಲಾರರು. ಆ ಕರೆ ಕ್ಯಾಪ್ಟನ್ನನ ಬಾಯಿಗೆ ಮತ್ತೆ ಬರದಾಯಿತು. ಪಂಪಿನ ಮನೆಯಲ್ಲಿ ಸಹಾಯಕನನ್ನು ಕರೆಯಬೇಕಾದರೆ ಕೊಳವೆಗೆ ಸ್ಪ್ಯಾನರಿನಿಂದ ಬಡಿಯುತ್ತಿದ್ದ.

ವಿಚಾರಣೆ ನಡೆಯಿತು. ಹುಲಿಯ ಬಾಯಿಗೆ ಯಾರನ್ನಾದರೂ ಕೊಡಲೇಬೇಕಿತ್ತು. ಮ್ಯಾನೇಜರ್ ಕ್ಯಾಪ್ಟನ್ನನ ಕಡೆ ನೋಡುತ್ತಿದ್ದ. ಸೀಮೆಸುಣ್ಣದಮ್ಮನನ್ನು ಕರೆದಾಗ ಆಕೆ ಕೂರಲಿಲ್ಲ. "ಅವನು ನಿಯಮದ ಪ್ರಕಾರ ನಡೆದ. ನಿಯಮ ನನ್ನದು" ಎಂದಳು. ಬೇರೇನಾದರೂ ಹೇಳುವುದಿದೆಯೇ ಎಂದರೆ, "ಚರಂಡಿಗೆ ಸಿಮೆಂಟ್ ಹಾಕಿ" ಎಂದಳು. ಬಾಗಿಲಲ್ಲಿ ನಿಂತು ಕೇಳುತ್ತಿದ್ದವರಿಗೆ ಮೈ ಉರಿಯಿತು. ಒಂದು ಹನಿ ಕಣ್ಣೀರಿಲ್ಲ, ಒಂದು ಅಯ್ಯೋ ಇಲ್ಲ. ಸತ್ತವನ ಮನೆಗೆ ಬರಲಿಲ್ಲ, ಮಣ್ಣಿಗೂ ಬರಲಿಲ್ಲ. ಅವನನ್ನು ಮಣ್ಣು ಮಾಡಿದ ಮರುದಿನವೇ ಗೋದಾಮಿನ ಬೀಗ ತೆಗೆದು ಕಸ ಗುಡಿಸುತ್ತಿದ್ದಳು.

ತಪ್ಪನ್ನು ಆಕೆಯ ಹೆಸರಿಗೇ ಬರೆದರು, ಆದರೆ ಆಕೆಯ ಜಾಗಕ್ಕೆ ಬರುವವರು ಯಾರೂ ಇರಲಿಲ್ಲ. ಹೊಸ ಸಿಲಿಂಡರುಗಳು ಬಂದವು. ತಂಡವಿಲ್ಲದೆ ಬ್ಲೀಚಿಂಗ್ ಶುರು ಮಾಡುವಂತಿಲ್ಲ, ಕ್ಯಾಪ್ಟನ್ ಇಲ್ಲದೆ ತಂಡವಿಲ್ಲ. ಬೇರೆ ಯಾರ ಹಿಂದೆಯೂ ತಾವು ಒಳಗೆ ಕಾಲಿಡುವುದಿಲ್ಲ ಎಂದು ಮೂವರೂ ಹೇಳಿಬಿಟ್ಟರು. ಬಾಯ್ಲರಿನವನು ಮನೆಯವರೆಗೆ ಬಂದ. "ಸೋಮವಾರ ಆಟ ಇದೆಯಂತೆ. ಅಮ್ಮ ಬರೋಕೆ ಹೇಳಿದ್ದಾಳೆ."

"ಬರಲ್ಲ."

"ಬರದಿದ್ರೆ ನಿನ್ನನ್ನ ಲೋಡಿಂಗಿಗೆ ಹಾಕ್ತಾರೆ ಕಣೋ. ನಮ್ಮನ್ನ ಇನ್ಯಾವನೋ ಕಿವುಡನ ಕೈಗೆ ಕೊಡ್ತಾರೆ. ಆಮೇಲೆ ನಾವು ಸತ್ರೆ ಅದೂ ನಿನ್ನ ತಲೆಗೇ, ನೆನಪಿಟ್ಕೋ."

ಅವನು ಹೋದ ಮೇಲೆ, ಎಷ್ಟೋ ದಿನಗಳ ನಂತರ ಹೆಂಡತಿ ತಾನಾಗಿ ಬಾಯಿ ಬಿಟ್ಟಳು. "ಹೋಗು. ಆ ಕೆಂಪು ಪಟ್ಟಿ ಅವಳ ಮುಖದ ಮೇಲೆ ಬಿಸಾಕಿ ಬಾ. ನನ್ನ ತಮ್ಮನ ಬಾಯಿ ಮುಚ್ಚಿಸಿದವಳು ಅವಳು. ಅಷ್ಟು ಹೇಳಿ ಬಾ, ಸಾಕು."

ಸೋಮವಾರ ಮಧ್ಯಾಹ್ನ ಅವನು ಪಟ್ಟಿಯನ್ನು ಜೇಬಿಗೆ ತುರುಕಿಕೊಂಡು ಹೋದ. ಗೋದಾಮಿನೊಳಗೆ ಮೂವರೂ ಗೋಡೆಗೊರಗಿ ನಿಂತಿದ್ದರು. ಬಕೆಟ್ ಇರಲಿಲ್ಲ. ಚರಂಡಿಯ ಜಾಗದಲ್ಲಿ ಹಸಿ ಸಿಮೆಂಟಿನ ಬೂದು ಪಟ್ಟೆ. ಆಕೆ ಡ್ರಮ್ಮಿನ ಪಕ್ಕ ನಿಂತಿದ್ದಳು. ಕೋಟು ಎಂದಿನಂತೆ ಇಸ್ತ್ರಿಯಾಗಿತ್ತು, ಮುಖ ಎಂದಿನಂತೆ ಮುಚ್ಚಿತ್ತು.

ಕ್ಯಾಪ್ಟನ್ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಬಾಯಿಗೆ ಬರುವಷ್ಟರಲ್ಲಿ ಒಂದೇ ಆದವು. "ಐದನೆಯವನ ಜಾಗ ಯಾರು ತುಂಬ್ತಾರಮ್ಮ?"

ಆಕೆ ಜೇಬಿನಿಂದ ಸೀಮೆಸುಣ್ಣ ತೆಗೆದು, ತಲೆ ಬಗ್ಗಿಸಿ, ತನ್ನ ಕೋಟಿನ ಎದೆಯ ಮೇಲೆ ಒಂದು ಗೀಟು ಎಳೆದಳು. ಎರಡನೆಯದನ್ನು ಎಳೆಯುವಾಗ ಸೀಮೆಸುಣ್ಣ ಮುರಿಯಿತು. ಉಳಿದ ಚೂರಿನಿಂದ ಪೂರ್ತಿ ಮಾಡಿದಳು. ಚಪ್ಪಲಿ ಬಿಟ್ಟಳು. ಡ್ರಮ್ಮನ್ನು ಹಿಡಿದು ಒಂದು ಮಂಡಿ ಊರಿದಳು, ಆಮೇಲೆ ಇನ್ನೊಂದು. ಕೀಲುಗಳು ಲಟಕ್ಕೆಂದದ್ದು ಎಲ್ಲರಿಗೂ ಕೇಳಿತು. ಹುಡುಗಿ ಕೈ ಕೊಡಲು ಮುಂದೆ ಬಂದರೆ ಕಣ್ಣಲ್ಲೇ ತಡೆದಳು.

"ಅಮ್ಮಾ, ಅಟ್ಟದ ಮೇಲೆ ಯಾರಿರ್ತಾರೆ?" ಎಂದಳು ಹುಡುಗಿ, ಏನು ಹೇಳುವುದೆಂದು ತಿಳಿಯದೆ.

"ಯಾರೂ ಇರಲ್ಲ" ಎಂದು ಆಕೆ ಸಿಮೆಂಟಿನ ಪಟ್ಟೆಯ ಪಕ್ಕ, ಹೊರಬಾಗಿಲ ಬಳಿ, ಬೆನ್ನ ಮೇಲೆ ಮಲಗಿದಳು. ಕೈಗಳನ್ನು ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದಳು.

ವೆಲ್ಡರ್ ದೀಪ ಆರಿಸಿದ. ಬಾಗಿಲಿನ ಬೆಳಕಿನಲ್ಲಿ ಬಿಳಿಯ ಇಂಟು ಗುರುತು ಏರಿ ಇಳಿಯುವುದು ಕಾಣುತ್ತಿತ್ತು. ಮುದುಕಿಯ ಉಸಿರು, ಅಷ್ಟು ಸಮನಾಗಿರಲಿಲ್ಲ. ಯಾರೂ ಅಲುಗಲಿಲ್ಲ. ಕ್ಯಾಪ್ಟನ್ ಪಟ್ಟಿಯನ್ನು ಜೇಬಿನೊಳಗೇ ಹಿಂಡುತ್ತಿದ್ದ. ಹೊರಗೆ ಹೋಗಬೇಕಾದರೆ ಆಕೆಯನ್ನು ದಾಟಿಯೇ ಹೋಗಬೇಕಿತ್ತು. ಪಟ್ಟಿಯನ್ನು ಆ ಗುರುತಿನ ಮೇಲೆ ಬಿಸಾಕಿ ಒಂದು ಕಾಲು ಎತ್ತಿದರೆ ಮುಗಿಯಿತು. ಹೆಂಡತಿ ಹೇಳಿದ್ದು ಆಗುತ್ತಿತ್ತು. ಅವನು ಹತ್ತಿರ ಹೋದ. ಕಾಲು ಏಳಲಿಲ್ಲ.

ಕರೆಯಲು ಬಾಯಿ ತೆರೆದ. ಎರಡು ಸಲ ಬರೀ ಗಾಳಿ ಬಂತು. ಮೂರನೆಯ ಸಲ ದನಿ ಬಂತು, ಅದು ತನ್ನದಲ್ಲವೆನ್ನುವ ಹಾಗೆ ಒಡೆದು.

"ಕೇಳಿಸ್ತಾ?"

"ಕೇಳಿಸ್ತು" ಎಂದ ಬಾಯ್ಲರಿನವನು.

"ಕೇಳಿಸ್ತು" ಎಂದಳು ಹುಡುಗಿ.

"ಕೇಳಿಸ್ತು" ಎಂದ ವೆಲ್ಡರ್.

ಲೆಕ್ಕ ಮುಗಿದಿತ್ತು. ಕ್ಯಾಪ್ಟನ್ ಇನ್ನೂ ಕಾಯುತ್ತಿದ್ದ. ಯಾಕೆಂದು ಕೇಳಿದರೆ ಹೇಳಲು ಅವನಿಗೂ ಬರುತ್ತಿರಲಿಲ್ಲ.

ಆಗ ನೆಲದ ಮೇಲಿಂದ, ಕಣ್ಣು ತೆರೆಯದೆ, ಸೀಮೆಸುಣ್ಣದಮ್ಮ "ಕೇಳಿಸ್ತು" ಎಂದಳು.

ಕ್ಯಾಪ್ಟನ್ ಬಗ್ಗಿದ.